ಬಂಡೆಯೊಳಗಿನ ಪಂಚಾಂಗ

ಇಟಲಿಯ ಸಿಸಿಲಿ ದ್ವೀಪದ ದಕ್ಷಿಣ ಕರಾವಳಿಯಲ್ಲಿ ಎರಾಕ್ಲಿಯಾ ಮಿನೋವಾ ಎಂಬ ಪ್ರಾಚೀನ ಗ್ರೀಕ್ ಊರಿನ ಅವಶೇಷಗಳಿವೆ. ಪ್ರವಾಸಿಗಳು ಬರುವುದು ಅಲ್ಲಿನ ರಂಗಮಂದಿರ ನೋಡಲು. ಭೂವಿಜ್ಞಾನಿಗಳು ಬರುವುದು ಅದರ ಪಕ್ಕದಲ್ಲಿ ಸಮುದ್ರಕ್ಕೆ ಮುಖಮಾಡಿ ನಿಂತ ಬಿಳಿಯ ಕಡಿದಾದ ದಂಡೆಗಾಗಿ. ಸುಣ್ಣ ಬೆರೆತ ಜೇಡಿಮಣ್ಣು ಗಟ್ಟಿಯಾಗಿ ಆದ ಈ ಕಲ್ಲಿಗೆ ಸ್ಥಳೀಯರ ಹೆಸರು ತ್ರುಬಿ. ದೂರದಿಂದ ಒಂದೇ ಬಣ್ಣವಾಗಿ ಕಾಣುವ ದಂಡೆಯಲ್ಲಿ ಹತ್ತಿರ ಹೋದರೆ ಪಟ್ಟೆಗಳು ಕಾಣುತ್ತವೆ: ಬೂದು, ಬಿಳಿ, ಮಾಸಲು ಕಂದು, ಮತ್ತೆ ಬಿಳಿ. ಅದರ ಮೇಲೆ ಮತ್ತೆ ಬೂದು. ಈ ನಾಲ್ಕು ಪಟ್ಟೆಗಳ ಒಂದು ಸುತ್ತು ಸುಮಾರು ಒಂದು ಮೀಟರ್ ದಪ್ಪ. ಅಷ್ಟು ಕೆಸರು ಕೂರಲು ಹಿಡಿದ ಕಾಲ ಸರಾಸರಿ 21,000 ವರ್ಷ.

ಮೆಡಿಟರೇನಿಯನ್ ಸಮುದ್ರ ಒಂದು ಕಾಲದಲ್ಲಿ ಅಟ್ಲಾಂಟಿಕ್‌ನಿಂದ ಕಡಿದುಹೋಗಿ, ತಳದಲ್ಲಿ ಉಪ್ಪಿನ ದಪ್ಪ ಹಾಸು ಬಿಟ್ಟಿತ್ತು. ಅಟ್ಲಾಂಟಿಕ್‌ನ ನೀರು ಮತ್ತೆ ಒಳನುಗ್ಗಿದ ಮೇಲೆ ಕೂತ ಮೊದಲ ಕೆಸರೇ ಈ ದಂಡೆಯ ತಳದ ಪದರ. 2000ನೇ ಇಸವಿಯಲ್ಲಿ ಜಗತ್ತಿನ ಭೂವಿಜ್ಞಾನಿಗಳು ಪ್ಲಿಯೋಸೀನ್ ಯುಗದ ಆರಂಭವನ್ನು ಇದೇ ಪದರದಲ್ಲಿ ಗುರುತಿಸಿದರು. ಅದರ ವಯಸ್ಸು 53.3 ಲಕ್ಷ ವರ್ಷ. ಈ ಸಂಖ್ಯೆ ವಿಕಿರಣಶೀಲ ಧಾತುಗಳನ್ನು ಅಳೆದು ಬಂದದ್ದಲ್ಲ. ಭೂಮಿ ಸೂರ್ಯನನ್ನು ಸುತ್ತುವ ಕಕ್ಷೆ ಹೇಗೆ ಬದಲಾಗುತ್ತ ಬಂದಿದೆ ಎಂಬ ಖಗೋಳದ ಲೆಕ್ಕವನ್ನು ಪಟ್ಟೆಗಳ ಪಕ್ಕದಲ್ಲಿಟ್ಟು, ಒಂದೊಂದೇ ಎಣಿಸಿ ಪಡೆದದ್ದು. ಕಳೆದ ಐವತ್ತು ವರ್ಷಗಳಲ್ಲಿ ಭೂವಿಜ್ಞಾನದಲ್ಲಿ ಬೆಳೆದ ವಿಧಾನಗಳ ಪೈಕಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ್ದು ಇದು. ಗುರು, ಶುಕ್ರ, ಮಂಗಳ ಗ್ರಹಗಳು ನಮ್ಮನ್ನು ಎಳೆದಾಡಿದ ಗುರುತು ಕಡಲತಳದ ಕೆಸರಿನಲ್ಲಿ ಉಳಿದಿದೆ, ಅದನ್ನು ಅಳತೆಪಟ್ಟಿ ಹಿಡಿದು ಅಳೆಯಬಹುದು ಎಂಬ ಮಾತು ಮೊದಲು ಕೇಳಿದಾಗ ಕಥೆಯಂತೆ ತೋರುತ್ತದೆ.

ಲೆಕ್ಕದ ಮೂಲಕ್ಕೆ ಹೋಗಲು ನಮ್ಮ ಮನೆಗೋಡೆಯ ಪಂಚಾಂಗವೇ ಸಾಕು. ಸೂರ್ಯ ದಕ್ಷಿಣದ ತುದಿ ಮುಟ್ಟಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ನಾವು ಎಳ್ಳುಬೆಲ್ಲ ಬೀರುವ ಮಕರ ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ಕ್ಕೆ. ಒಂದು ಕಾಲದಲ್ಲಿ ಎರಡೂ ಒಂದೇ ದಿನಕ್ಕೆ ಬೀಳುತ್ತಿದ್ದವು. ನಮ್ಮ ಸಂಕ್ರಾಂತಿ ನಕ್ಷತ್ರಗಳ ಲೆಕ್ಕವನ್ನು ಹಿಡಿದಿದೆ. ಋತುಗಳು ಭೂಮಿಯ ಅಕ್ಷದ ಲೆಕ್ಕ ಹಿಡಿದಿವೆ. ಆ ಅಕ್ಷ ಒಂದೇ ದಿಕ್ಕಿಗೆ ನಿಲ್ಲದೆ, ಸುಮಾರು 26,000 ವರ್ಷಕ್ಕೆ ಒಂದು ಸುತ್ತು ತಿರುಗುತ್ತದೆ. ಇದು ಅಯನಚಲನೆ. 72 ವರ್ಷಕ್ಕೆ ಹತ್ತಿರ ಹತ್ತಿರ ಒಂದು ಡಿಗ್ರಿ ಸರಿಯುತ್ತದೆ. ಹೀಗೆ ಕೂಡಿಬಂದ ಅಂತರವನ್ನೇ ಪಂಚಾಂಗದವರು ಅಯನಾಂಶ ಎಂದು ಬರೆಯುತ್ತಾರೆ. ಇವತ್ತು ಅದು ಸುಮಾರು 24 ಡಿಗ್ರಿ.

ಭೂಮಿಯ ಕಕ್ಷೆಯೂ ಪೂರ್ತಿ ವೃತ್ತವಲ್ಲ. ಜನವರಿ ಮೊದಲ ವಾರದಲ್ಲಿ ನಾವು ಸೂರ್ಯನಿಂದ 14.71 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತೇವೆ, ಜುಲೈ ಮೊದಲ ವಾರದಲ್ಲಿ 15.21 ಕೋಟಿ. ಅಂದರೆ ಈಗ ಉತ್ತರ ಗೋಳಾರ್ಧದ ಬೇಸಿಗೆ ಬರುವುದು ಸೂರ್ಯ ದೂರವಿದ್ದಾಗ. ಅಕ್ಷ ತಿರುಗಿದಂತೆ ಇದು ಅದಲುಬದಲಾಗುತ್ತದೆ. ಸುಮಾರು 11,000 ವರ್ಷದ ಹಿಂದೆ ಉತ್ತರದ ಬೇಸಿಗೆ ಸೂರ್ಯ ಹತ್ತಿರವಿದ್ದಾಗಲೇ ಬರುತ್ತಿತ್ತು. ಕಕ್ಷೆಯ ಅಂಡಾಕಾರವೂ ತನ್ನಷ್ಟಕ್ಕೆ ನಿಧಾನವಾಗಿ ತಿರುಗುವುದರಿಂದ ಋತುವಿಗೂ ದೂರಕ್ಕೂ ಇರುವ ಈ ಹೊಂದಾಣಿಕೆ 26,000 ವರ್ಷದ ಬದಲು 19,000 ಮತ್ತು 23,000 ವರ್ಷಗಳ ಎರಡು ಎಳೆಗಳಲ್ಲಿ ಮರುಕಳಿಸುತ್ತದೆ. ಸಿಸಿಲಿಯ ಪಟ್ಟೆಗಳಲ್ಲಿ ಕಾಣುವ 21,000 ಅವೆರಡರ ಸರಾಸರಿ. ಇದಲ್ಲದೆ ಅಕ್ಷದ ಓರೆ 41,000 ವರ್ಷಕ್ಕೊಮ್ಮೆ ಸುಮಾರು 22.1ರಿಂದ 24.5 ಡಿಗ್ರಿಯ ನಡುವೆ ಹೋಗಿಬರುತ್ತದೆ. ಕಕ್ಷೆಯ ಅಂಡಾಕಾರ ಸುಮಾರು 1,00,000 ವರ್ಷಕ್ಕೊಮ್ಮೆ ಹಿಗ್ಗಿ ಕುಗ್ಗುತ್ತದೆ. ಅದರ ಜೊತೆಗೆ 4,05,000 ವರ್ಷದ ಇನ್ನೊಂದು ದೀರ್ಘ ಏರಿಳಿತವಿದೆ. ಈ ಕೊನೆಯ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಆಕಾಶದ ಈ ಬದಲಾವಣೆ ಕಡಲತಳಕ್ಕೆ ಇಳಿಯುವುದು ಹೇಗೆ? ಸಿಸಿಲಿಯಲ್ಲಿ ಅದನ್ನು ಇಳಿಸಿದ್ದು ಮಳೆಗಾಲ. ಉತ್ತರದ ಬೇಸಿಗೆ ಸೂರ್ಯನ ಸಮೀಪಕ್ಕೆ ಬಿದ್ದಾಗ ಆಫ್ರಿಕಾದ ನೆಲ ಹೆಚ್ಚು ಕಾಯುತ್ತದೆ, ಮುಂಗಾರು ಬಲವಾಗುತ್ತದೆ, ಸಹಾರಾದೊಳಗೂ ಮಳೆ ನುಗ್ಗುತ್ತದೆ. ನೈಲ್ ನದಿ ಉಕ್ಕಿ ಮೆಡಿಟರೇನಿಯನ್‌ಗೆ ಅಪಾರ ಸಿಹಿನೀರು ಸುರಿಯುತ್ತದೆ. ಹಗುರವಾದ ಸಿಹಿನೀರು ಮೇಲೆ ಹಾಸಿಕೊಂಡರೆ ಕೆಳಗಿನ ಉಪ್ಪುನೀರಿಗೆ ಗಾಳಿ ಸಿಗುವುದಿಲ್ಲ. ತಳಕ್ಕೆ ಬಿದ್ದ ಜೀವಾವಶೇಷ ಕೊಳೆತು ಮುಗಿಯದೆ ಉಳಿದು, ಕಪ್ಪು ಕೆಸರಿನ ಪದರವಾಗುತ್ತದೆ. ಅದಕ್ಕೆ ಸ್ಯಾಪ್ರೊಪೆಲ್ ಎನ್ನುತ್ತಾರೆ. ಇವುಗಳಿಗೂ ಆಫ್ರಿಕಾದ ಮುಂಗಾರಿಗೂ ಇರುವ ನಂಟನ್ನು 1980ರ ದಶಕದಲ್ಲಿ ಮಾರ್ಟೀನ್ ರೊಸಿನ್ಯೊಲ್-ಸ್ಟ್ರಿಕ್ ಎಂಬ ಫ್ರೆಂಚ್ ವಿಜ್ಞಾನಿ ತೋರಿಸಿಕೊಟ್ಟರು. ತ್ರುಬಿಯ ಬೂದು ಪಟ್ಟೆಗಳು ಇದೇ ವರ್ಗದವು. ತೀರ ಈಚಿನ ಸ್ಯಾಪ್ರೊಪೆಲ್ ಕೂತದ್ದು ಸುಮಾರು 10,000ದಿಂದ 6,000 ವರ್ಷಗಳ ಹಿಂದೆ, ಸಹಾರಾದಲ್ಲಿ ಹುಲ್ಲುಗಾವಲೂ ಕೆರೆಗಳೂ ಇದ್ದ ಕಾಲದಲ್ಲಿ. ಜೂನ್ ಮೋಡಕ್ಕೆ ಕಾಯುವ ನಮ್ಮ ನಾಡಿನ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರು ಹೆಚ್ಚುಕಡಿಮೆಯಾದರೆ ನದಿ ತರುವ ಮಣ್ಣು ಬದಲಾಗುತ್ತದೆ, ಮಣ್ಣು ಬದಲಾದರೆ ಪದರ ಬದಲಾಗುತ್ತದೆ.

ಪದರಗಳನ್ನು ಆಕಾಶಕ್ಕೆ ಜೋಡಿಸುವ ಯೋಚನೆ ಹಳೆಯದು. ಅಮೆರಿಕದ ಗ್ರೋವ್ ಕಾರ್ಲ್ ಗಿಲ್ಬರ್ಟ್ 1895ರಲ್ಲಿ ಕೊಲೊರಾಡೊದ ಸುಣ್ಣಕಲ್ಲು ಮತ್ತು ಜೇಡಿಕಲ್ಲುಗಳು ಒಂದರ ಮೇಲೊಂದು ಸರದಿಯಾಗಿ ಬರುವುದನ್ನು ಕಂಡು, ಇದು ಅಯನಚಲನೆಯ ಕೆಲಸವಿರಬೇಕು ಎಂದ. ಜೋಡಿಗಳನ್ನು ಎಣಿಸಿ, ಕ್ರಿಟೇಷಿಯಸ್ ಯುಗದ ಆ ಭಾಗಕ್ಕೆ ಸುಮಾರು 2 ಕೋಟಿ ವರ್ಷ ಹಿಡಿದಿರಬೇಕು ಎಂದು ಅಂದಾಜಿಸಿದ. ವಿಕಿರಣಶೀಲತೆಯನ್ನು ಬೆಕ್ವೆರೆಲ್ ಕಂಡುಹಿಡಿದದ್ದು ಅದರ ಮರುವರ್ಷ. ಇಡೀ ಭೂಮಿಗೇ 2ರಿಂದ 4 ಕೋಟಿ ವರ್ಷಕ್ಕಿಂತ ಹೆಚ್ಚಿನ ವಯಸ್ಸಿಲ್ಲ ಎಂದು ಲಾರ್ಡ್ ಕೆಲ್ವಿನ್ 1897ರಲ್ಲಿ ಹೇಳುತ್ತಿದ್ದರು. ಅಂಥ ಕಾಲದಲ್ಲಿ ಬರಿಗಣ್ಣಿನಿಂದ ಪಟ್ಟೆ ಎಣಿಸಿ ಗಿಲ್ಬರ್ಟ್ ಮುಟ್ಟಿದ ಸಂಖ್ಯೆ ಎಷ್ಟು ದಿಟ್ಟವಾದದ್ದೆಂದು ಈಗ ತಿಳಿಯುತ್ತದೆ.

ಕಕ್ಷೆಯ ಲೆಕ್ಕಕ್ಕೆ ಗಟ್ಟಿ ಅಡಿಪಾಯ ಹಾಕಿದವರು ಇಬ್ಬರು. ಒಬ್ಬ ಸ್ಕಾಟ್ಲೆಂಡಿನ ಜೇಮ್ಸ್ ಕ್ರಾಲ್. ಗ್ಲಾಸ್ಗೋದ ಕಾಲೇಜೊಂದರಲ್ಲಿ ಕಾವಲುಗಾರನ ಕೆಲಸ ಮಾಡುತ್ತ, ಅಲ್ಲಿನ ಗ್ರಂಥಾಲಯದಲ್ಲಿ ಓದಿಕೊಂಡೇ 1864ರಲ್ಲಿ ಹಿಮಯುಗಗಳಿಗೂ ಕಕ್ಷೆಗೂ ನಂಟು ಕಟ್ಟಿದವನು. ಇನ್ನೊಬ್ಬರು ಸೆರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್. 1914ರಲ್ಲಿ ಮದುವೆಯಾಗಿ ಹುಟ್ಟೂರಾದ ದಾಲ್ಯ್‌ಗೆ ಹೋಗಿದ್ದಾಗ ಮೊದಲ ಮಹಾಯುದ್ಧ ಶುರುವಾಯಿತು. ಆ ಊರು ಆಗ ಆಸ್ಟ್ರಿಯಾ-ಹಂಗೇರಿಗೆ ಸೇರಿತ್ತು. ಶತ್ರುದೇಶದ ಪ್ರಜೆಯೆಂದು ಅವರನ್ನು ಸೆರೆಗೆ ಹಾಕಿದರು. ಸೆರೆಯಲ್ಲೂ ಅವರು ಕಾಗದ ತೆಗೆದು ಲೆಕ್ಕಕ್ಕೆ ಕೂತರು. ಕೆಲ ತಿಂಗಳ ಮೇಲೆ ಬುಡಾಪೆಸ್ಟ್‌ನಲ್ಲಿ ನಿಗಾದಲ್ಲಿರಲು ಒಪ್ಪಿಗೆ ಸಿಕ್ಕಿ, ಯುದ್ಧದ ಉಳಿದ ವರ್ಷಗಳನ್ನು ಹಂಗೇರಿಯ ವಿಜ್ಞಾನ ಅಕಾಡೆಮಿಯ ಗ್ರಂಥಾಲಯದಲ್ಲಿ ಕಳೆದರು. ಮುಂದೆ, ಉತ್ತರದ 65 ಡಿಗ್ರಿ ಅಕ್ಷಾಂಶದಲ್ಲಿ ಬೇಸಿಗೆಯ ಬಿಸಿಲು ಲಕ್ಷಾಂತರ ವರ್ಷಗಳಲ್ಲಿ ಹೇಗೆ ಏರಿಳಿದಿದೆ ಎಂಬುದನ್ನು ಕೈಲೆಕ್ಕದಲ್ಲೇ ಮಾಡಿಮುಗಿಸಿದರು. ಅವರ ಜೀವಮಾನದ ಗ್ರಂಥ 1941ರ ಏಪ್ರಿಲ್‌ನಲ್ಲಿ ಬೆಲ್‌ಗ್ರೇಡ್‌ನಲ್ಲಿ ಅಚ್ಚಾಗುತ್ತಿದ್ದಾಗ ಜರ್ಮನ್ ಬಾಂಬುಗಳು ಮುದ್ರಣಾಲಯವನ್ನು ನಾಶಮಾಡಿದವು. ಅಚ್ಚಾದ ಹಾಳೆಗಳು ಬಹುಪಾಲು ಉಳಿದವು, ಪುಸ್ತಕ ಹೊರಬಂತು. ಅವರು 1958ರಲ್ಲಿ ತೀರಿಕೊಂಡಾಗ ಆ ಲೆಕ್ಕವನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ.

ಸಾಕ್ಷಿ ಸಿಕ್ಕಿದ್ದು 1976ರಲ್ಲಿ, ಅದೂ ಹಿಂದೂ ಮಹಾಸಾಗರದ ದಕ್ಷಿಣ ಭಾಗದಿಂದ. ಅಲ್ಲಿನ ತಳದಿಂದ ಉದ್ದನೆಯ ಕೊಳವೆಗಳಲ್ಲಿ ಎತ್ತಿದ್ದ ಎರಡು ಕೆಸರಿನ ಕಂಬಗಳನ್ನು ಜೇಮ್ಸ್ ಹೇಸ್, ಜಾನ್ ಇಂಬ್ರಿ ಮತ್ತು ನಿಕೊಲಸ್ ಶ್ಯಾಕಲ್‌ಟನ್ ಆರಿಸಿಕೊಂಡರು. ಕೆಸರಿನೊಳಗಿನ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪಿನಲ್ಲಿ ಭಾರದ ಆಮ್ಲಜನಕ ಎಷ್ಟಿದೆ ಎಂದು ಅಳೆದರೆ, ಆ ಕಾಲದಲ್ಲಿ ಭೂಮಿಯ ಮೇಲೆ ಎಷ್ಟು ಹಿಮ ಕಟ್ಟಿತ್ತು ಎಂಬ ಅಂದಾಜು ಸಿಗುತ್ತದೆ. 4,50,000 ವರ್ಷಗಳ ಆ ದಾಖಲೆಯಲ್ಲಿ 1,00,000, 43,000, 24,000 ಮತ್ತು 19,000 ವರ್ಷಗಳ ಏರಿಳಿತಗಳು ಸ್ಪಷ್ಟವಾಗಿ ಬಂದವು. ಕಾಗದದ ಮೇಲೆ ಮಾಡಿದ ಲೆಕ್ಕ ಕೆಸರಿನಲ್ಲಿ ಸಿಕ್ಕಿತು.

ಹಿಮಯುಗದ ಕಾರಣ ಹುಡುಕುವುದು ಒಂದು ಕೆಲಸ, ಕಲ್ಲಿಗೆ ವಯಸ್ಸು ಕೊಡುವುದು ಇನ್ನೊಂದು. ಎರಡನೆಯದರ ಕೀಲಿ ಇರುವುದು ಅನುಪಾತದಲ್ಲಿ. ಒಂದು ಬಂಡೆಯಲ್ಲಿ 40 ಸೆಂಟಿಮೀಟರ್‌ಗೊಮ್ಮೆ ಸಣ್ಣ ಪಟ್ಟೆ ಬರುತ್ತದೆ ಎನ್ನಿ. ಅಂಥ ಐದು ಪಟ್ಟೆಗಳ ಒಂದು ಕಂತೆ 2 ಮೀಟರ್, ನಾಲ್ಕು ಕಂತೆಗಳ ಒಂದು ದೊಡ್ಡ ಕಂತೆ 8 ಮೀಟರ್. 8 ಮೀಟರ್, 2 ಮೀಟರ್, 40 ಸೆಂಟಿಮೀಟರ್: ಇದು 4,05,000, 1,00,000, 20,000 ವರ್ಷಗಳ ಅನುಪಾತವೇ. ಹಾಗಿದ್ದರೆ ಅಲ್ಲಿ ಸಾವಿರ ವರ್ಷಕ್ಕೆ 2 ಸೆಂಟಿಮೀಟರ್ ಕೆಸರು ಕೂತಿದೆ ಎಂದಾಯಿತು. ಸ್ಪೇನಿನ ಬಾಸ್ಕ್ ಕರಾವಳಿಯ ಸುಮಾಯಾ ಊರಿನಲ್ಲಿ ಐದೈದರ ಕಂತೆಗಳು ಬರಿಗಣ್ಣಿಗೇ ಕಾಣುತ್ತವೆ. ಕಣ್ಣಿಗೆ ಕಾಣದ ಕಡೆ ಕಲ್ಲಿನ ಕಾಂತಗುಣ, ಬಣ್ಣ, ಕಬ್ಬಿಣ ಹಾಗೂ ಸುಣ್ಣದ ಪ್ರಮಾಣಗಳನ್ನು ಅಂಗುಲ ಅಂಗುಲಕ್ಕೂ ಅಳೆದು, ಆ ಸಂಖ್ಯೆಗಳ ಸಾಲಿನಿಂದ ಗಣಿತ ಈ ಲಯಗಳನ್ನು ಬೇರ್ಪಡಿಸುತ್ತದೆ.

ಈ ವಿಧಾನಕ್ಕೆ ಮರ್ಯಾದೆ ಸಿಕ್ಕಿದ್ದು ಒಂದು ಜಗಳದಿಂದ. ಭೂಮಿಯ ಕಾಂತಧ್ರುವಗಳು ಕೊನೆಯ ಬಾರಿ ತಲೆಕೆಳಗಾದ ಕಾಲ ಎಲ್ಲ ಕಾಲಗಣನೆಗೂ ಒಂದು ಮುಖ್ಯ ಮೈಲಿಗಲ್ಲು. ಪೊಟ್ಯಾಸಿಯಂ-ಆರ್ಗಾನ್ ವಿಧಾನದಲ್ಲಿ ಲಾವಾ ಕಲ್ಲುಗಳನ್ನು ಅಳೆದವರು ಅದಕ್ಕೆ 7,30,000 ವರ್ಷ ಎಂದಿದ್ದರು. ಎಲ್ಲ ಪುಸ್ತಕಗಳಲ್ಲೂ ಅದೇ ಇತ್ತು. 1990ರಲ್ಲಿ ಶ್ಯಾಕಲ್‌ಟನ್ ಮತ್ತು ಸಂಗಡಿಗರು ಪೆಸಿಫಿಕ್ ಸಾಗರದ ಕೆಸರಿನ ಪದರಗಳನ್ನು ಕಕ್ಷೆಯ ಲೆಕ್ಕಕ್ಕೆ ಹೊಂದಿಸಿ, ಅದು 7,80,000 ಇರಬೇಕು ಎಂದರು. ಕೆಸರು ಎಣಿಸುವವರು ಪ್ರಯೋಗಾಲಯದ ಅಳತೆಯನ್ನು ತಪ್ಪು ಎನ್ನುವುದೇ? ಆದರೆ ಒಂದೆರಡು ವರ್ಷಗಳಲ್ಲೇ ಹೆಚ್ಚು ನಿಖರವಾದ ಆರ್ಗಾನ್-ಆರ್ಗಾನ್ ವಿಧಾನದಲ್ಲಿ ಅದೇ ಲಾವಾಗಳನ್ನು ಮತ್ತೆ ಅಳೆದಾಗ ಉತ್ತರ 7,80,000ದ ಆಸುಪಾಸಿಗೇ ಬಂತು. ಮುಂದೆ ಇನ್ನಷ್ಟು ತಿದ್ದುಪಡಿಯಾಗಿ ಈಗ ಸುಮಾರು 7,73,000ಕ್ಕೆ ನಿಂತಿದೆ. ಶ್ಯಾಕಲ್‌ಟನ್ ಲೆಕ್ಕದ ಮರುವರ್ಷ, 1991ರಲ್ಲಿ, ನೆದರ್‌ಲೆಂಡ್ಸ್‌ನ ಫ್ರಿಟ್ಸ್ ಹಿಲ್ಗೆನ್ ಸಿಸಿಲಿ ಮತ್ತು ದಕ್ಷಿಣ ಇಟಲಿಯ ಪಟ್ಟೆಗಳನ್ನು ಹಿಡಿದು ಕಾಲಪಟ್ಟಿಯನ್ನು 50 ಲಕ್ಷ ವರ್ಷಗಳ ಹಿಂದಕ್ಕೆ ವಿಸ್ತರಿಸಿದರು.

2008ರಲ್ಲಿ ಬಂದ ಫಲಿತಾಂಶ ನಮ್ಮ ಕಾಲಡಿಯ ನೆಲಕ್ಕೂ ಸಂಬಂಧಿಸಿದ್ದು. ಆರ್ಗಾನ್ ವಿಧಾನದಲ್ಲಿ ಯಾವ ಕಲ್ಲನ್ನು ಅಳೆದರೂ ಪಕ್ಕದಲ್ಲಿ ವಯಸ್ಸು ಗೊತ್ತಿರುವ ಒಂದು ಖನಿಜವನ್ನಿಟ್ಟು ಹೋಲಿಸಬೇಕು. ಕೊಲೊರಾಡೊದ ಫಿಶ್ ಕ್ಯಾನ್ಯನ್ ಎಂಬಲ್ಲಿನ ಜ್ವಾಲಾಮುಖಿ ಬೂದಿಯಲ್ಲಿ ಸಿಗುವ ಸ್ಯಾನಿಡೀನ್ ಹರಳು ಜಗತ್ತಿನಾದ್ಯಂತ ಈ ಕೆಲಸಕ್ಕೆ ಬಳಕೆಯಲ್ಲಿದೆ. ಕ್ಲೌಡಿಯಾ ಕೈಪರ್ ಮತ್ತು ಸಂಗಡಿಗರು ಮೊರಾಕೊದಲ್ಲಿ ಪಟ್ಟೆ ಎಣಿಸಿ ವಯಸ್ಸು ಕಂಡುಕೊಂಡ ಬೂದಿಪದರಗಳೊಂದಿಗೆ ಆ ಹರಳನ್ನು ಹೋಲಿಸಿದರು. ಅದರ ವಯಸ್ಸು 2.802 ಕೋಟಿ ಅಲ್ಲ, 2.8201 ಕೋಟಿ ಎಂದು ತಿಳಿಯಿತು. ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ. ಆದರೆ ತೂಕದ ಕಲ್ಲೇ ಬದಲಾದ ಮೇಲೆ ಅದರಿಂದ ತೂಗಿದ್ದೆಲ್ಲವೂ ಬದಲಾಗಬೇಕು. ಡೈನೊಸಾರ್‌ಗಳು ಅಳಿದ ಗಡಿ 6.55 ಕೋಟಿಯಿಂದ 6.6 ಕೋಟಿ ವರ್ಷಕ್ಕೆ ಸರಿಯಿತು. ಆ ಅಳಿವಿನ ಆಸುಪಾಸಿನಲ್ಲೇ ಹರಿದ ದಖನ್ ಲಾವಾದ ಆರ್ಗಾನ್ ವಯಸ್ಸುಗಳೂ ಅದೇ ಪ್ರಮಾಣದಲ್ಲಿ ಹಿಂದಕ್ಕೆ ಹೋದವು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಸೀಮೆಯ ಎರೆಮಣ್ಣಿನ ಕೆಳಗಿರುವುದು ಆ ಲಾವಾವೇ.

ಇಷ್ಟು ಕೇಳಿದ ಮೇಲೆ, ಕಂಪ್ಯೂಟರಿನಲ್ಲಿ ಗ್ರಹಗಳನ್ನು ಹಿಂದಕ್ಕೆ ಓಡಿಸಿ ಭೂಮಿಯ ಇಡೀ ಚರಿತ್ರೆಗೆ ತಾರೀಖು ಹಾಕಬಹುದಲ್ಲ ಅನ್ನಿಸುವುದು ಸಹಜ. ಆಗುವುದಿಲ್ಲ. ಫ್ರಾನ್ಸಿನ ಜಾಕ್ ಲಾಸ್ಕರ್ 1989ರಲ್ಲಿ ತೋರಿಸಿದಂತೆ ಒಳಗ್ರಹಗಳ ಚಲನೆ ಕೇಯಾಸ್ ಸ್ವಭಾವದ್ದು. ಭೂಮಿಯ ಇಂದಿನ ಸ್ಥಾನವನ್ನು ಹೇಳುವಾಗ 15 ಮೀಟರ್ ತಪ್ಪಿದರೆ 1 ಕೋಟಿ ವರ್ಷದಾಚೆ ಆ ತಪ್ಪು 150 ಮೀಟರ್ ಅಷ್ಟೇ. 10 ಕೋಟಿ ವರ್ಷದಾಚೆ ಅದು 15 ಕೋಟಿ ಕಿಲೋಮೀಟರ್, ಭೂಮಿಯಿಂದ ಸೂರ್ಯನವರೆಗಿನ ದೂರ. ಸೀರೀಸ್, ವೆಸ್ಟಾದಂಥ ಕ್ಷುದ್ರಗ್ರಹಗಳು ಹತ್ತಿರ ಹಾದುಹೋಗುವಾಗಿನ ಎಳೆತದಿಂದಾಗಿ 6 ಕೋಟಿ ವರ್ಷಕ್ಕಿಂತ ಹಿಂದಿನ ಕಕ್ಷೆಯನ್ನು ಕರಾರುವಾಕ್ಕಾಗಿ ಲೆಕ್ಕಹಾಕುವುದು ಸಾಧ್ಯವೇ ಇಲ್ಲ ಎಂದು 2011ರಲ್ಲಿ ಲಾಸ್ಕರ್ ತಂಡ ಹೇಳಿತು.

ಇಲ್ಲಿ ಕೈಹಿಡಿಯುವುದು 4,05,000 ವರ್ಷದ ಆವರ್ತ. ಅದು ಗುರು ಮತ್ತು ಶುಕ್ರ ಸೇರಿ ಹುಟ್ಟಿಸುವ ಏರಿಳಿತ. ಗುರು ಬಹಳ ಭಾರವಾದ್ದರಿಂದ ಉಳಿದೆಲ್ಲ ಕದಲಿದರೂ ಇದು ಹೆಚ್ಚು ಕದಲುವುದಿಲ್ಲ ಎಂದು ಗಣಿತ ಹೇಳುತ್ತಿತ್ತು. ಪರೀಕ್ಷೆ ನಡೆದದ್ದು ಅಮೆರಿಕದಲ್ಲಿ. ಪಾಲ್ ಓಲ್ಸೆನ್ ಮತ್ತು ಡೆನಿಸ್ ಕೆಂಟ್ 1990ರ ದಶಕದಲ್ಲಿ ನ್ಯೂಜೆರ್ಸಿಯ ನ್ಯೂಆರ್ಕ್ ಪ್ರದೇಶದಲ್ಲಿ ಟ್ರಯಾಸಿಕ್ ಯುಗದ ಸರೋವರಗಳ ಕೆಸರುಗಲ್ಲನ್ನು ಕೊರೆದು, ಆ ಸರೋವರಗಳು ತುಂಬಿ ಬತ್ತಿದ ಲಯವನ್ನು ಎಣಿಸಿದ್ದರು. ಆದರೆ ಆ ಎಣಿಕೆಯನ್ನು ಒರೆಗೆ ಹಚ್ಚಲು ಬೇಕಾದ ಜ್ವಾಲಾಮುಖಿ ಬೂದಿ ಅಲ್ಲಿರಲಿಲ್ಲ. ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್‌ನ ಅದೇ ವಯಸ್ಸಿನ ಕಲ್ಲಿನಲ್ಲಿ ಜಿರ್ಕಾನ್ ಹರಳುಗಳಿದ್ದವು. ಅಲ್ಲೂ ಕೊರೆದು, ಯುರೇನಿಯಂ-ಸೀಸದ ವಯಸ್ಸು ಪಡೆದು, ಧ್ರುವ ಬದಲಾವಣೆಯ ಗುರುತುಗಳ ಮೂಲಕ ಎರಡನ್ನೂ ಹೊಂದಿಸಿದರು. 21.5 ಕೋಟಿ ವರ್ಷಗಳ ಹಿಂದೆಯೂ ಆ ಆವರ್ತ 4,05,000 ವರ್ಷದ್ದೇ ಆಗಿತ್ತು ಎಂದು 2018ರಲ್ಲಿ ಪ್ರಕಟಿಸಿದರು.

ಅದೇ ಕಲ್ಲುಗಳು ಇನ್ನೊಂದು ಸಂಗತಿಯನ್ನೂ ಹೇಳಿದವು. ಭೂಮಿ ಮತ್ತು ಮಂಗಳದ ಕಕ್ಷೆಗಳ ನಡುವೆ ಈಗ 24 ಲಕ್ಷ ವರ್ಷದ ಒಂದು ಆವರ್ತವಿದೆ. ಟ್ರಯಾಸಿಕ್ ಕಲ್ಲಿನಲ್ಲಿ ಅದು ಸುಮಾರು 17.5 ಲಕ್ಷ ವರ್ಷ. ಲಾಸ್ಕರ್ ಹೇಳಿದ ಕೇಯಾಸ್ ನಿಜವಾಗಿ ನಡೆದಿದೆ ಎಂಬುದಕ್ಕೆ ಇದು ಪುರಾವೆ. ಖಗೋಳಶಾಸ್ತ್ರ ಕಲ್ಲಿಗೆ ವಯಸ್ಸು ಕೊಡುತ್ತಿತ್ತು. ಈಗ ಲೆಕ್ಕ ಕೈಬಿಟ್ಟ ಕಾಲದ ಸೌರಮಂಡಲ ಹೇಗಿತ್ತೆಂದು ಕಲ್ಲು ಖಗೋಳಶಾಸ್ತ್ರಕ್ಕೆ ತಿಳಿಸುತ್ತಿದೆ. ಈ ತಿರುವೇ ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಅತಿ ದೊಡ್ಡ ಸಾಧನೆ. 2019ರಲ್ಲಿ ರಿಚರ್ಡ್ ಝೀಬೆ ಮತ್ತು ಲ್ಯೂಕಸ್ ಲೌರೆನ್ಸ್ ದಕ್ಷಿಣ ಅಟ್ಲಾಂಟಿಕ್‌ನ ಕೆಸರನ್ನು ಹಿಡಿದು, ಹಲವು ಕಕ್ಷೆಯ ಲೆಕ್ಕಗಳ ಪೈಕಿ ಯಾವುದು ಕಲ್ಲಿಗೆ ಹೊಂದುತ್ತದೆ ಎಂದು ಆರಿಸಿದ್ದೂ ಇದೇ ದಾರಿಯಲ್ಲಿ.

ಚಂದ್ರನ ಕಥೆಯೂ ಇದರಲ್ಲಿ ಸೇರಿದೆ. ಚಂದ್ರ ಈಗ ವರ್ಷಕ್ಕೆ 3.8 ಸೆಂಟಿಮೀಟರ್‌ನಷ್ಟು ನಮ್ಮಿಂದ ದೂರ ಸರಿಯುತ್ತಿದ್ದಾನೆ. ಇದೇ ವೇಗವನ್ನು ಹಿಂದಕ್ಕೆ ಎಳೆದರೆ ಸುಮಾರು 150 ಕೋಟಿ ವರ್ಷದ ಹಿಂದೆ ಅವನು ಭೂಮಿಗೆ ಬಡಿಯಬೇಕಾಗುತ್ತದೆ. ಚಂದ್ರನ ವಯಸ್ಸು ಅದರ ಮೂರು ಪಟ್ಟು ಎಂಬುದು ಗೊತ್ತಿರುವುದರಿಂದ ಹಿಂದೆ ವೇಗ ಕಡಿಮೆಯಿದ್ದಿರಲೇಬೇಕು. ಎಷ್ಟು ಕಡಿಮೆ? ಚಂದ್ರ ಹತ್ತಿರವಿದ್ದು ಭೂಮಿ ವೇಗವಾಗಿ ತಿರುಗುತ್ತಿದ್ದಾಗ ಅಯನಚಲನೆಯ ಅವಧಿಯೂ ಚಿಕ್ಕದಾಗಿರುತ್ತದೆ. ಆದ್ದರಿಂದ ಉತ್ತರ ಪಟ್ಟೆಗಳಲ್ಲಿದೆ. ಚೀನಾದ 140 ಕೋಟಿ ವರ್ಷ ಹಳೆಯ ಶಿಯಾಮಾಲಿಂಗ್ ಕಲ್ಲುಗಳಿಂದ ಸ್ಟೀಫನ್ ಮೇಯರ್ಸ್ ಮತ್ತು ಆಲ್ಬರ್ಟೊ ಮಾಲಿನ್ವೆರ್ನೊ 2018ರಲ್ಲಿ, ಆಗಿನ ದಿನ 18.7 ಗಂಟೆಯದ್ದೆಂದು ಲೆಕ್ಕಹಾಕಿದರು. 2022ರಲ್ಲಿ ಮಾರ್ಗ್ರೀಟ್ ಲಾಂಟಿಂಕ್ ಮತ್ತು ಸಂಗಡಿಗರು ಪಶ್ಚಿಮ ಆಸ್ಟ್ರೇಲಿಯಾದ 246 ಕೋಟಿ ವರ್ಷ ಹಳೆಯ ಪಟ್ಟೆ ಕಬ್ಬಿಣಶಿಲೆಯಲ್ಲಿ ಸುಮಾರು 11,000 ವರ್ಷದ ಅಯನಾವರ್ತ ಕಂಡುಹಿಡಿದರು. ಆಗ ಚಂದ್ರ ಸುಮಾರು 3,21,800 ಕಿಲೋಮೀಟರ್ ದೂರದಲ್ಲಿದ್ದ. ಇಂದು ಸರಾಸರಿ 3,84,400. ಆಗಿನ ದಿನಕ್ಕೆ ಸುಮಾರು 17 ಗಂಟೆ.

ಪಟ್ಟೆ ಕಬ್ಬಿಣಶಿಲೆ ಎಂದೊಡನೆ ನಮ್ಮವರಿಗೆ ಸಂಡೂರು, ಬಾಬಾಬುಡನ್‌ಗಿರಿ, ಚಿತ್ರದುರ್ಗ ನೆನಪಾಗುತ್ತವೆ. ಇವು ಆಸ್ಟ್ರೇಲಿಯಾದವಕ್ಕಿಂತಲೂ ಹಳೆಯವು. ಆದರೆ ನಮ್ಮ ಶಿಲಾಪಟ್ಟಿಗಳು ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಮಡಚಿಕೊಂಡಿವೆ. ಮಡಿಕೆ ಬಿದ್ದ ಕಡೆ ಪದರದ ದಪ್ಪವೇ ಬದಲಾಗುತ್ತದೆ, ಅನುಪಾತ ಕೆಡುತ್ತದೆ. ಅಂಥಲ್ಲಿ ಅವಸರದಿಂದ ಎಣಿಸಿ ತಾರೀಖು ಹೇಳುವವರನ್ನು ನಂಬಬಾರದು.

ಮಡಿಕೆಯಿಲ್ಲದ ಕಲ್ಲಿನಲ್ಲೂ ಅಪಾಯವಿದೆ. ಕಡಲತಳದ ಕುಸಿತ ಒಂದು ಪದರವನ್ನೇ ಕೊಚ್ಚಿಕೊಂಡು ಹೋಗಿರಬಹುದು. ಸಾವಿರಾರು ವರ್ಷ ಏನೂ ಕೂರದೆ ಇದ್ದಿರಬಹುದು. ಅದಕ್ಕಿಂತ ಕೆಟ್ಟದ್ದು ಲೆಕ್ಕ ತನ್ನ ಸುತ್ತಲೇ ಸುತ್ತುವುದು. ಪಟ್ಟೆಗಳನ್ನು ಕಕ್ಷೆಯ ಲೆಕ್ಕಕ್ಕೆ ಎಳೆದು ಹೊಂದಿಸಿ, ಆಮೇಲೆ ಅದರಲ್ಲಿ ಕಕ್ಷೆಯ ಲಯ ಸಿಕ್ಕಿತು ಎಂದರೆ ಅದು ನಾವೇ ಇಟ್ಟದ್ದನ್ನು ನಾವೇ ಹುಡುಕಿ ತೆಗೆದಂತೆ. ಈ ಕಾರಣಕ್ಕೇ ಒಳ್ಳೆಯ ಕೆಲಸಗಾರರು ಬೂದಿಪದರದ ಸ್ವತಂತ್ರ ವಯಸ್ಸಿಲ್ಲದೆ ಮುಂದೆ ಹೋಗುವುದಿಲ್ಲ. ಅಂಡಾಕಾರ ಹೆಚ್ಚಿದಾಗ ಅಯನದ ಪಟ್ಟೆಗಳು ಎದ್ದು ಕಾಣಬೇಕು, ಕಡಿಮೆಯಾದಾಗ ಮಂಕಾಗಬೇಕು ಎಂಬ ಇನ್ನೊಂದು ಪರೀಕ್ಷೆಯನ್ನೂ ಮಾಡುತ್ತಾರೆ. ಎಲ್ಲ ಕಡೆ ಬಿಸಿಲು ಹೆಚ್ಚಿದ ತಕ್ಷಣ ಮಳೆ ಹೆಚ್ಚುತ್ತದೆ ಎಂದುಕೊಳ್ಳುವುದೂ ತಪ್ಪು. ಮಹಾನದಿ ಸೇರುವ ಕಡೆ ಬಂಗಾಳಕೊಲ್ಲಿಯ ತಳವನ್ನು ಕೊರೆದು ಪಡೆದ 9 ಲಕ್ಷ ವರ್ಷಗಳ ದಾಖಲೆಯನ್ನು 2021ರಲ್ಲಿ ಸ್ಟೀವನ್ ಕ್ಲೆಮೆನ್ಸ್ ತಂಡ ಪ್ರಕಟಿಸಿತು. ನಮ್ಮ ಮುಂಗಾರಿನ ಮೇಲೆ ಬಿಸಿಲಿಗಿಂತ ಇಂಗಾಲದ ಡೈಆಕ್ಸೈಡ್, ಧ್ರುವಗಳ ಹಿಮ, ದಕ್ಷಿಣ ಗೋಳಾರ್ಧದಿಂದ ಬರುವ ತೇವಾಂಶ ಇವುಗಳ ಹಿಡಿತ ಹೆಚ್ಚೆಂದು ಅದು ತೋರಿಸಿತು. ಆವರ್ತ ಹಿಡಿದು ಕಾಲ ಎಣಿಸುವವರು, ಮಳೆಯ ತುತ್ತತುದಿ ಬಿಸಿಲಿನ ತುತ್ತತುದಿಗಿಂತ ಎಷ್ಟು ತಡವಾಗಿ ಬರುತ್ತದೆ ಎಂಬುದನ್ನೂ ತಿಳಿದಿರಬೇಕಾಗುತ್ತದೆ.

ಆ ಕೊರೆತಕ್ಕೆ ಹೋಗಿದ್ದ ಜೋಯಿಡೆಸ್ ರೆಸಲ್ಯೂಷನ್ ಹಡಗು 2015ರಲ್ಲಿ ಅರಬ್ಬೀ ಸಮುದ್ರದ ಲಕ್ಷ್ಮಿ ತಗ್ಗಿನಲ್ಲೂ ಕೊರೆದಿತ್ತು. ಆ ಯಾನದ ಇಬ್ಬರು ಮುಖ್ಯ ವಿಜ್ಞಾನಿಗಳಲ್ಲಿ ಒಬ್ಬರು ಭಾರತದ ಧನಂಜಯ ಪಾಂಡೆ. ಹಣಕಾಸು ನಿಂತು 2024ರಲ್ಲಿ ಆ ಹಡಗಿನ ಕೊರೆತ ಕೊನೆಗೊಂಡಿತು. ಆದರೆ ಎತ್ತಿದ ಕೆಸರಿನ ಕಂಬಗಳು ಹಾಳಾಗಿಲ್ಲ. ಹಿಂದೂ ಮಹಾಸಾಗರದವು ಜಪಾನಿನ ಕೊಚಿ ನಗರದ ಶೀತಲ ಉಗ್ರಾಣದಲ್ಲಿವೆ, ಸರಿಯಾದ ಪ್ರಸ್ತಾವ ಬರೆದು ಕೇಳುವ ಯಾವ ದೇಶದ ಸಂಶೋಧಕರಿಗೂ ಮಾದರಿ ಕಳಿಸುತ್ತಾರೆ. ಕರ್ನಾಟಕದ ಕಾಲೇಜುಗಳಲ್ಲಿ ಭೂವಿಜ್ಞಾನ ಓದುತ್ತಿರುವವರು ಪದವಿ ಮುಗಿಸಿ ಗಣಿ ಕಂಪನಿಗಳ ಕಡೆಗಷ್ಟೇ ನೋಡದೆ, ಈ ಕೆಸರನ್ನೂ ಕೇಳಿ ತರಿಸಿಕೊಳ್ಳಬೇಕು. ನಮ್ಮ ಮುಂಗಾರಿನ ಲಕ್ಷಾಂತರ ವರ್ಷಗಳ ದಾಖಲೆಯನ್ನು ನಮ್ಮವರೂ ಕೂತು ಎಣಿಸಬೇಕು.